ಡಿಮೆನ್ಷಿಯಾ ಬಂದ ಮೇಲೆ ಹಳೇ ಜಿಪಿಎ ನಡೆಯುತ್ತಾ? ಆಸ್ತಿಗೆ ಯಾರು, ಆಸ್ಪತ್ರೆಗೆ ಯಾರು, ವಕೀಲರು ಯಾರ ಪರ?

ಕಾಲುದಾರಿ:
ಆರೈಕೆ ಮಾಡುವ ಮನೆಯವರಿಗೆ ಕೊಡೋಕೆ ಕನ್ನಡದಲ್ಲಿ ನಾಲ್ಕು ಪುಟದ ಮಾಹಿತಿಪತ್ರ ಬರೆಯುವ ಕೆಲಸ ನಡೀತಿದೆ. ಒಂದು ಕಡೆ ಗಾಡಿ ಹೂತುಕೊಂಡಿದೆ. ಹೀಗೆ ಅಂದ್ಕೊಳ್ಳಿ: 74 ವರ್ಷದ ತಂದೆ, ಡಿಮೆನ್ಷಿಯಾ (ನೆನಪು-ಬುದ್ಧಿ ಕುಗ್ಗುವ ಕಾಯಿಲೆ). ಕಾಯಿಲೆ ಕಾಣಿಸೋ ಮೊದಲೇ ಮಗನ ಹೆಸರಿಗೆ ರಿಜಿಸ್ಟರ್ಡ್ ಜಿಪಿಎ (ತಮ್ಮ ಪರ ವ್ಯವಹಾರ ನಡೆಸೋಕೆ ಕೊಡುವ ಅಧಿಕಾರಪತ್ರ) ಮಾಡಿಕೊಟ್ಟಿದ್ದಾರೆ. ಮಗ ಸೈಟು ಮಾರಿ ಆರೈಕೆ ಖರ್ಚು ನಿಭಾಯಿಸೋಣ ಅಂತಾನೆ, ಮಗಳು ಒಪ್ಪಲ್ಲ. ಈ ಮಧ್ಯೆ ತಂದೆಯನ್ನ ಮಾನಸಿಕ ಆಸ್ಪತ್ರೆಗೆ ಸೇರಿಸಿಯಾಗಿದೆ, ಅವರು ದಿನಾ ಬೆಳಗ್ಗೆ "ಮನೆಗೆ ಕಳಿಸಿ" ಅಂತ ಕೇಳ್ತಾರೆ.
ಜಿಪಿಎ ಇನ್ನೂ ಜೀವಂತವಾ? ಮಗ, ಮಗಳು ಇಬ್ಬರಲ್ಲಿ ಆಸ್ಪತ್ರೆ ಯಾರ ಮಾತು ಕೇಳಬೇಕು? ತಂದೆಗೆ ಪ್ರತ್ಯೇಕ ವಕೀಲರು ಬೇಕು ಅಂದ್ರೆ ಯಾರು ಇಡಬೇಕು, ವಕಾಲತ್ತಿಗೆ ಸಹಿ ಯಾರದು?

ಕರಿಕೋಟು:
ಮೊದಲನೇದಕ್ಕೆ ಉತ್ತರ ಚಿಕ್ಕದು. 1872ರ ಕರಾರು ಕಾಯ್ದೆ, ಕಲಂ 201. ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅಸ್ವಸ್ಥಚಿತ್ತರಾದರೆ ಏಜೆನ್ಸಿ, ಅಂದರೆ ಅವರ ಪರ ವ್ಯವಹರಿಸುವ ಅಧಿಕಾರ, ಮುಗೀತು. ರಿಜಿಸ್ಟರ್ ಮಾಡಿಸಿದ್ದರೂ ಅಷ್ಟೇ, "ರದ್ದುಪಡಿಸಲಾಗದ" ಅಂತ ದಪ್ಪಕ್ಷರದಲ್ಲಿ ಟೈಪ್ ಮಾಡಿಸಿದ್ದರೂ ಅಷ್ಟೇ. ಇಂಗ್ಲೆಂಡಿನಲ್ಲಿ ಸಾಮರ್ಥ್ಯ ಹೋದ ಮೇಲೂ ಉಳಿಯುವ ಬೇರೆ ತರಹದ ಅಧಿಕಾರಪತ್ರ ಇದೆ. ನಮ್ಮಲ್ಲಿ ಅಂಥದ್ದನ್ನು ಕೊಡುವ ಕಾನೂನೇ ಇಲ್ಲ. ಜನ ಜಿಪಿಎ ಮಾಡಿಸೋದು "ನಾಳೆ ನನಗೇನಾದ್ರೂ ಆದ್ರೆ" ಅಂತ. ಆ ಏನಾದ್ರೂ ಆದ ದಿನವೇ ಅದು ಕೈಕೊಡುತ್ತೆ.
202ರಲ್ಲಿ ಒಂದು ವಿನಾಯಿತಿ ಇದೆ: ಆ ಆಸ್ತಿಯಲ್ಲಿ ಏಜೆಂಟನಿಗೇ ಸ್ವಂತ ಹಿತಾಸಕ್ತಿ ಇದ್ದರೆ. ಅಪ್ಪ ಮಗನಿಗೆ ಮಾಡಿಕೊಟ್ಟ ಸಾಧಾರಣ ಜಿಪಿಎಗೆ ಅದು ಅಂಟಲ್ಲ. ಹಾಗಂತ ಮಗ ಕೈಕಟ್ಟಿ ಕೂರಬೇಕಂತಲೂ ಅಲ್ಲ. ಕಲಂ 209ರ ಪ್ರಕಾರ, ವಹಿಸಿಕೊಟ್ಟ ಹಿತಾಸಕ್ತಿ ಹಾಳಾಗದ ಹಾಗೆ ಕಾಯುವ ಕರ್ತವ್ಯ ಅವನ ಮೇಲಿದೆ. ತೆರಿಗೆ ಕಟ್ಟೋದು, ಒತ್ತುವರಿ ತಡೆಯೋದು ಇದರೊಳಗೆ ಬರುತ್ತೆ. ಮಾರೋದು ಬರಲ್ಲ.

ಮೊಸರನ್ನ:
ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇದನ್ನ ಯಾರು ಕೇಳ್ತಾರೆ ಸ್ವಾಮಿ? ಜಿಪಿಎ ಇದೆ, ಏಜೆಂಟ್ ಬಂದಿದ್ದಾನೆ, ಹೆಬ್ಬೆಟ್ಟು, ಫೋಟೋ, ಮುಗೀತು.

ಕರಿಕೋಟು:
ರಿಜಿಸ್ಟರ್ ಆಗುತ್ತೆ, ಇಲ್ಲ ಅಂದವರು ಯಾರು. ಮಗಳು ಸಿವಿಲ್ ದಾವೆ ಹಾಕಿದ ದಿನ ಬೀಳುತ್ತೆ. ಕೊಂಡವನು ಹತ್ತು ವರ್ಷ ಕೋರ್ಟು ಅಲೀತಾನೆ.

ಹಾವೇರಿ ಏಲಕ್ಕಿ:
ಕರಿಕೋಟು ಅವರ, 208 ಯಾಕ ಬಿಟ್ರಿ? ಏಜೆನ್ಸಿ ಮುಗದದ್ದು ಮೂರನೇಯವರಿಗೆ ಗೊತ್ತಾಗೋ ತನಕ ಅವರ ಮಟ್ಟಿಗೆ ಅದು ಮುಗದಂಗಲ್ಲ. ಏನೂ ಗೊತ್ತಿಲ್ದ ಕೊಂಡವಗ ಒಂದು ವಾದ ಉಳೀತದ.
ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ಡಿಮೆನ್ಷಿಯಾ ಅಂತ ಡಾಕ್ಟರ್ ಚೀಟಿ ಬರದ ದಿನಾನ ಜಿಪಿಎ ಸತ್ತಿತು ಅಂತ ನೀವು ಹೇಳಿದಂಗ ಆತು. ಹಂಗಿಲ್ರಿ. ಅದ ಕಾಯ್ದೆ ಕಲಂ 12 ನೋಡ್ರಿ: ಆ ಹೊತ್ತಿನ್ಯಾಗ ಆ ವ್ಯವಹಾರ ತಿಳಕೊಂಡು, ತನಗ ಲಾಭನೋ ಲುಕ್ಸಾನೋ ಅಂತ ತೂಗಿ ನೋಡೋ ಶಕ್ತಿ ಇದ್ರ ಸ್ವಸ್ಥಚಿತ್ತನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 3(5) ಇನ್ನೂ ಖಡಕ್ ಅದ. ಮಾನಸಿಕ ಕಾಯಿಲೆ ಅದ ಅಂದ ಮಾತ್ರಕ್ಕ ಅಸ್ವಸ್ಥಚಿತ್ತ ಅಂತ ತಿಳೀಬಾರದು, ಅದನ್ನ ಸಕ್ಷಮ ನ್ಯಾಯಾಲಯನ ಹೇಳಬೇಕು.

ಕರಿಕೋಟು:
ಒಪ್ಪಿದೆ. ಉದಾಹರಣೆಯ ತಂದೆ ಆ ಹಂತ ದಾಟಿದ್ದಾರೆ ಅಂತ ನಾನೇ ಊಹಿಸಿಕೊಂಡುಬಿಟ್ಟೆ. 208ರ ಬಗ್ಗೆ ಮಾತ್ರ ಒಂದು ಮಾತು: ಕೊಳ್ಳುವವನು ಮನೆಗೆ ಬಂದು ಮುದುಕರನ್ನ ಮಾತಾಡಿಸಿದ್ದರೆ "ಗೊತ್ತಿರಲಿಲ್ಲ" ಅನ್ನೋ ವಾದ ಅಲ್ಲಿಗೇ ಹೋಯ್ತು.

ವಾರ್ಡ್ ದೀಪ:
ಎರಡನೇ ಪ್ರಶ್ನೆಗೆ ಬರ್ತೀನಿ. ಆಸ್ತಿಯ ಕಾನೂನೇ ಬೇರೆ, ಚಿಕಿತ್ಸೆಯ ಕಾನೂನೇ ಬೇರೆ. ಜಿಪಿಎ ಹಿಡಿದುಕೊಂಡು ಬಂದು "ನಾನು ಹೇಳಿದ ಹಾಗೆ ಅಡ್ಮಿಟ್ ಮಾಡಿ" ಅಂದ್ರೆ ಅದು ನಡೆಯಲ್ಲ. 2017ರ ಕಾಯ್ದೆಯಲ್ಲಿ ಇರೋದು ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರ ನಿಲ್ಲಲಿ ಅಂತ ರೋಗಿ ಹೆಸರಿಸಿದವರು, ಕಲಂ 14.

ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು, ಪ್ರತಿನಿಧಿಯ ಲಿಖಿತ ಒಪ್ಪಿಗೆ. 18 ತುಂಬಿರಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಯಾರನ್ನೂ ಹೆಸರಿಸಿಲ್ಲದಿದ್ದರೆ ಕಾಯ್ದೆಯೇ ಸರದಿ ಹಾಕಿದೆ: ಮುಂಗಡ ನಿರ್ದೇಶನದಲ್ಲಿ (ಮುಂದೆ ಚಿಕಿತ್ಸೆ ಹೇಗಿರಬೇಕು ಅಂತ ಮೊದಲೇ ಬರೆದಿಟ್ಟ ಪತ್ರ) ಹೆಸರಿಸಿದವರು, ಆಮೇಲೆ ಸಂಬಂಧಿಕರು, ಆಮೇಲೆ ಆರೈಕೆ ಮಾಡುವವರು, ಆಮೇಲೆ ಪರಿಶೀಲನಾ ಮಂಡಳಿ ನೇಮಿಸಿದವರು, ಯಾರೂ ಸಿಗದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರು ಅಥವಾ ಅವರು ಕಳಿಸಿದ ಪ್ರತಿನಿಧಿ.

"ಸಂಬಂಧಿಕರು" ಅಂದ್ರೆ ರಕ್ತ, ಮದುವೆ ಅಥವಾ ದತ್ತು ಸಂಬಂಧ ಇರುವ ಯಾರಾದರೂ. ಮಗ ಮೇಲೆ, ಮಗಳು ಕೆಳಗೆ ಅಂತ ಎಲ್ಲೂ ಇಲ್ಲ. ಹಿರೀಮಗ ಅನ್ನೋ ಪದವಂತೂ ಹುಡುಕಿದರೂ ಸಿಗಲ್ಲ. ಇಬ್ಬರೂ ಜಗಳಕ್ಕೆ ಬಿದ್ದರೆ ಆಸ್ಪತ್ರೆಯವರು ಪಂಚಾಯ್ತಿ ಮಾಡೋದಲ್ಲ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹೋಗಬೇಕು.

ಕಡಲತಡಿ:
ಒಂದು ನಿಮಿಷ ಮಾರಾಯ್ರೆ, ಡಿಮೆನ್ಷಿಯಾ ಆ ಕಾಯ್ದೆಯ ಒಳಗೆ ಬರ್ತದಾ? ಅದು ನರರೋಗದವರು ನೋಡುವಂಥದ್ದಲ್ವಾ?

ವಾರ್ಡ್ ದೀಪ:
ಬರುತ್ತೆ. ವ್ಯಾಖ್ಯೆಯಲ್ಲಿ ಆಲೋಚನೆ, ಭಾವಸ್ಥಿತಿ, ಗ್ರಹಿಕೆ, ದಿಕ್ಕು-ಕಾಲದ ಅರಿವು, ನೆನಪು ಇವುಗಳ ತೀವ್ರ ಏರುಪೇರು ಅಂತ ಇದೆ. ನೆನಪು ಅನ್ನೋದು ನೇರವಾಗೇ ಇದೆ. ಹೊರಗಿಟ್ಟಿರೋದು ಬೌದ್ಧಿಕ ಬೆಳವಣಿಗೆಯ ಕುಂಠಿತವನ್ನ. ಅದಕ್ಕೆ ಬೇರೆ ದಾರಿ.

ಕಾಲುದಾರಿ:
ತಂದೆ "ಮನೆಗೆ ಕಳಿಸಿ" ಅಂತಿದ್ದಾರಲ್ಲ, ಅದಕ್ಕೆ ಬೆಲೆ ಇಲ್ವಾ?

ವಾರ್ಡ್ ದೀಪ:
ಇಡೀ ಪ್ರಕರಣದಲ್ಲಿ ಬೆಲೆ ಇರೋದೇ ಆ ಮಾತಿಗೆ. ಅವರು ಯಾವ ಕಲಂ ಅಡಿ ಒಳಗಿದ್ದಾರೆ ಅನ್ನೋದನ್ನ ಮೊದಲು ಕೇಳಿ.

ಸ್ವಇಚ್ಛೆಯಿಂದ ಬಂದವರಾದರೆ (85, 86) ಕೇಳಿದಾಗ ಬಿಡಬೇಕು. ವೈದ್ಯರು ತಡೆಹಿಡಿಯಬಹುದಾದದ್ದು 24 ಗಂಟೆ ಮಾತ್ರ, ಅದೂ ಮರುಮೌಲ್ಯಮಾಪನಕ್ಕೆ.

ಪ್ರತಿನಿಧಿಯ ಅರ್ಜಿ ಮೇಲೆ ಸೇರಿಸಿದ್ದರೆ ಅದು 89. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಒಬ್ಬರು ಮನೋವೈದ್ಯರೇ ಆಗಿರಬೇಕು, ಆ ಪರೀಕ್ಷೆ ಸೇರಿಸಿದ ದಿನ ಅಥವಾ ಅದರ ಹಿಂದಿನ 7 ದಿನದೊಳಗಿನದಾಗಿರಬೇಕು. ತನಗೆ ಅಪಾಯ, ಇತರರಿಗೆ ಅಪಾಯ, ಅಥವಾ ತನ್ನನ್ನು ನೋಡಿಕೊಳ್ಳಲಾಗದೆ ಅಪಾಯ, ಈ ಮೂರರಲ್ಲಿ ಒಂದಾದರೂ ಇರಬೇಕು. "ಮನೇಲಿ ನೋಡ್ಕೊಳ್ಳೋರಿಲ್ಲ" ಅನ್ನೋದು ಈ ಪಟ್ಟಿಯಲ್ಲಿ ಇಲ್ಲ, ಆದರೆ ಕೇಸ್ ಶೀಟಿನಲ್ಲಿ ಅದೇ ಬರೆದಿರ್ತಾರೆ. ಗರಿಷ್ಠ 30 ದಿನ. ಮಂಡಳಿಗೆ ವರದಿ 7 ದಿನದೊಳಗೆ, ಹೆಂಗಸರು ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ.

30 ದಾಟಿದರೆ 90ನೇ ಕಲಂ. ಮಂಡಳಿಯ ಅನುಮತಿ ಇಲ್ಲದೆ ಅಲ್ಲಿ ಮುಂದೆ ಹೋಗಲ್ಲ. ಮೊದಲು 90 ದಿನದವರೆಗೆ, ಆಮೇಲೆ 120, ಆಮೇಲೆ ಒಂದೊಂದು ಸಲಕ್ಕೆ 180. ಸಾಮರ್ಥ್ಯ ಮರಳಿದೆಯಾ ಅಂತ 89ರಲ್ಲಿ 7 ದಿನಕ್ಕೊಮ್ಮೆ, 90ರಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು. ವಕೀಲರು ಫೈಲ್ ಕೈಗೆ ಬಂದ ಕೂಡಲೇ ಈ ಮರುಪರೀಕ್ಷೆಯ ಟಿಪ್ಪಣಿಗಳ ದಿನಾಂಕ ನೋಡಲಿ. ಮರುಪರೀಕ್ಷೆ ತಪ್ಪಿದ್ದರೆ ಅಲ್ಲೇ ಸಿಕ್ಕಿಬಿಡುತ್ತೆ.

ಕರಿಕೋಟು:
ಬಹಳ ವಕೀಲರಿಗೆ ಇದು ಗೊತ್ತಿಲ್ಲ, ಬೇಜಾರಿಲ್ಲದೆ ಹೇಳ್ತೀನಿ. ನೇರವಾಗಿ ಹೈಕೋರ್ಟ್ ರಿಟ್ ಅಂತ ಹೊರಡ್ತಾರೆ. ಮಂಡಳಿಗೆ ಅರ್ಜಿ ಹಾಕೋಕೆ ಶುಲ್ಕವೇ ಇಲ್ಲ. 89ರ ದಾಖಲಾತಿ ಪ್ರಶ್ನಿಸಿದರೆ 7 ದಿನದಲ್ಲಿ, 90ರದ್ದಾದರೆ 21 ದಿನದಲ್ಲಿ, ಉಳಿದವು 90 ದಿನದಲ್ಲಿ ಮುಗಿಸಲು ಮಂಡಳಿ ಯತ್ನಿಸಬೇಕು. ವಿಚಾರಣೆ ಮುಚ್ಚಿದ ಬಾಗಿಲೊಳಗೆ. ಸ್ವತಃ ಹಾಜರಾಗಬಹುದು, ವಕೀಲರ ಮೂಲಕ ಅಥವಾ ತಮಗೆ ಬೇಕಾದ ಪ್ರತಿನಿಧಿ ಮೂಲಕವೂ ಆಗಬಹುದು. ಆದೇಶ ಒಪ್ಪದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ.

ಮೊಸರನ್ನ:
ಮಂಡಳಿ ಸೇರಿದರೆ ತಾನೇ.

ಕರಿಕೋಟು:
ಮಂಡಳಿ ಕೂರದಿದ್ದರೆ, ಅಥವಾ ಕಾಗದಪತ್ರವೇ ಇಲ್ಲದೆ ಕೂಡಿಹಾಕಿದ್ದರೆ, ಆಗ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ಕೂಡಿಹಾಕಿದವರನ್ನ ಕೋರ್ಟಿನ ಮುಂದೆ ತರಿಸಿ ಅನ್ನೋ ಅರ್ಜಿ. ಆದರೆ ಮಂಡಳಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಜೊತೆಗಿರಲಿ, ಇಲ್ಲದಿದ್ದರೆ ಪೀಠದ ಮೊದಲ ಪ್ರಶ್ನೆಯೇ "ಅಲ್ಲಿಗೆ ಹೋಗಿದ್ರಾ?"

ದಫ್ತರ:
ವೈದ್ಯಕೀಯ ದಾಖಲೆ ಕೊಡಲ್ಲ ಅಂದ್ರೆ?

ವಾರ್ಡ್ ದೀಪ:
2017ರ ಕಾಯ್ದೆಯ ಕಲಂ 25, ಮೂಲಭೂತ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು. 2018ರ ನಿಯಮಗಳಲ್ಲಿ ನಮೂನೆ ಎ ಭರ್ತಿ ಮಾಡಿ ಕೊಟ್ಟರೆ 15 ದಿನದಲ್ಲಿ ಕೊಡಬೇಕು. ರೋಗಿಗೇ ಗಂಭೀರ ಮಾನಸಿಕ ಹಾನಿ ಅಥವಾ ಬೇರೆಯವರಿಗೆ ಹಾನಿ ಆಗಬಹುದು ಅನ್ನಿಸಿದ ಭಾಗವನ್ನಷ್ಟೇ ತಡೆಹಿಡಿಯಬಹುದು. ತಡೆದಾಗ ಮಂಡಳಿಗೆ ಹೋಗುವ ಹಕ್ಕಿದೆ ಅಂತ ತಿಳಿಸಲೂ ಬೇಕು.

ಹಾವೇರಿ ಏಲಕ್ಕಿ:
ಮೂರನೇ ಪ್ರಶ್ನೆ ಯಾರೂ ಮುಟ್ಟವಲ್ರು. ವಕೀಲರು ಯಾರ ಪರ? ಇದ ಎಲ್ಲಾದಕ್ಕೂ ಬುಡ ನೋಡ್ರಿ.
ಮಗ ಫೀಸ್ ಕೊಡ್ತಾನ, ಮಗ ಫೋನ್ ಮಾಡ್ತಾನ, ಮಗ ಕಾಗದ ತರ್ತಾನ. ವಕಾಲತ್ತಿನ ಮ್ಯಾಲೆ ಹೆಸರು ಅಪ್ಪಂದು. ವಕೀಲ ಅಪ್ಪನ ಮುಖಾನ ನೋಡಿರಲ್ಲ. ಅಂಥಾವ ಅಪ್ಪನ ವಕೀಲ ಅಲ್ಲ, ಮಗನ ವಕೀಲ. ಇಬ್ಬರ ಹಿತಾಸಕ್ತಿ ಡಿಕ್ಕಿ ಹೊಡದ್ರ ಒಬ್ಬಂದ ವಕಾಲತ್ತು ಇಟಗೊಂಡು ಇನ್ನೊಬ್ಬಂದು ಬಿಡಬೇಕು. ಇಲ್ಲಿ ಡಿಕ್ಕಿ ಹೊಡದ ಹೊಡೀತದ, ಯಾಕಂದ್ರ ಸೈಟ್ ಮಾರಿದ ರೊಕ್ಕ ಯಾರ ಖಾತೆಗೆ ಹೋಗ್ತದ ಅನ್ನೋದ ಪ್ರಶ್ನೆ.
2016ರ ವಿಕಲಚೇತನರ ಹಕ್ಕು ಕಾಯ್ದೆ ಕಲಂ 13ರಾಗೂ ಅದ ಮಾತು: ಆಸ್ತಿ, ಹಣಕಾಸಿನ ವ್ಯವಹಾರದಾಗ ಬೆಂಬಲ ಕೊಡಾವಗ ಸ್ವಂತ ಹಿತಾಸಕ್ತಿ ಬಂದ್ರ ಆ ವ್ಯವಹಾರದಾಗ ಅವ ಬೆಂಬಲ ಕೊಡಬಾರದು.

ಕಡಲತಡಿ:
ಫೀಸು ಕೊಡ್ಲಿಕ್ಕೆ ತಂದೆಯ ಹತ್ರ ಕೈಯಲ್ಲಿ ಹಣ ಇಲ್ಲದಿದ್ರೆ ಪ್ರತ್ಯೇಕ ವಕೀಲರು ಎಲ್ಲಿಂದ?

ಹಾವೇರಿ ಏಲಕ್ಕಿ:
ಉಚಿತ ಕಾನೂನು ನೆರವು. 2017ರ ಕಾಯ್ದೆ ಕಲಂ 27ರ ಅಡಿ ಮಾನಸಿಕ ಕಾಯಿಲೆ ಇರೋವ್ರಿಗೆ ಆ ಕಾಯ್ದೆಯೊಳಗಿನ ಹಕ್ಕು ಚಲಾಯಿಸಾಕ ಪುಕ್ಕಟ ಕಾನೂನು ಸೇವಾ. ಅದನ್ನ ತಿಳಿಸೋದು ಮ್ಯಾಜಿಸ್ಟ್ರೇಟರ, ಪೊಲೀಸರ, ಆಸ್ಪತ್ರಿ ಮುಖ್ಯಸ್ಥರ ಕರ್ತವ್ಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕಲಂ 12ರಾಗ ಅಂಗವೈಕಲ್ಯ ಇದ್ದವರು, ಹೆಣ್ಣುಮಕ್ಕಳು, ಮನೋರೋಗ ಆಸ್ಪತ್ರಿ ಕಸ್ಟಡಿಯೊಳಗಿದ್ದವರು ಎಲ್ಲಾರೂ ಬರ್ತಾರ, ಆದಾಯ ಮಿತಿ ಇಲ್ಲ. ಮಜಾ ಏನಂದ್ರ ನಿಮ್ಮ ಉದಾಹರಣೆಯೊಳಗ ಅಪ್ಪಗೂ ಸಿಗತದ, ಮಗಳಿಗೂ ಸಿಗತದ, ಮಗಗ ಮಾತ್ರ ಆದಾಯ ತೋರಿಸಬೇಕು.
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಬಿಳಿ ಹಾಳ್ಯಾಗ ಅರ್ಜಿ, ಇಲ್ಲಾಂದ್ರ 15100ಕ್ಕ ಫೋನು. ತಂದೆಗೊಂದು, ಮಗಳಿಗೊಂದು ಬ್ಯಾರೆ ಬ್ಯಾರೆ ಅರ್ಜಿ ಹಾಕ್ರಿ, "ಇಬ್ಬರಿಗೂ ಒಂದ ಪ್ಯಾನೆಲ್ ವಕೀಲರು ಬ್ಯಾಡ" ಅಂತ ಬರೀರಿ.

ದಫ್ತರ:
ಆಸ್ತಿ ಕಡೆ ದಾರಿ ಯಾವುದು ಅಂತ ಹೇಳಿಲ್ಲ ಇನ್ನೂ. 1987ರ ಹಳೇ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕಲಂ 50ರಿಂದ ಮುಂದಕ್ಕೆ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ವ್ಯವಸ್ಥಾಪಕರನ್ನ ನೇಮಿಸುತ್ತಿತ್ತು. 2017ರ ಕಾಯ್ದೆ ಅದನ್ನ ರದ್ದು ಮಾಡ್ತು, ಬದಲಿಗೆ ಏನನ್ನೂ ಇಡಲಿಲ್ಲ. ಹಳೇ ಪುಸ್ತಕ ನೋಡಿ ಆ ಕಲಂ ಅಡಿ ಅರ್ಜಿ ಹಾಕಿದರೆ ವಾಪಸ್ ಬರುತ್ತೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಪ್ರಾಪ್ತರಿಗೆ, ಅದೂ ಬೇಡ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಹೆಸರು ತುಂಬಾ ಜನ ಹೇಳ್ತಾರೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನ ನೇಮಿಸುತ್ತೆ. ಮಗುವಿಗೆ 18 ತುಂಬಿದ ದಿನ ಅಪ್ಪ-ಅಮ್ಮನ ಸಹಜ ಪೋಷಕತ್ವ ಮುಗಿಯುತ್ತೆ, ಅದಕ್ಕೆ ಈ ದಾರಿ ಸರಿ. ನೇಮಕವಾದ 6 ತಿಂಗಳೊಳಗೆ ಆಸ್ತಿಪಟ್ಟಿ ಸಲ್ಲಿಸಬೇಕು, ಪ್ರತಿ ಹಣಕಾಸು ವರ್ಷ ಮುಗಿದು 3 ತಿಂಗಳೊಳಗೆ ಲೆಕ್ಕ ಕೊಡಬೇಕು. ಪ್ರಮಾಣಪತ್ರ ಸಿಕ್ಕ ಮೇಲೆ ಇದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ. ಡಿಮೆನ್ಷಿಯಾಗೆ ಇಲ್ಲಿ ಅರ್ಜಿ ಹಾಕಿದರೆ ತಿರಸ್ಕಾರ.

ಉಳಿಯೋದು 2016ರ ವಿಕಲಚೇತನರ ಹಕ್ಕು ಕಾಯ್ದೆಯ ಕಲಂ 14. ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಸರ್ಕಾರ ಅಧಿಸೂಚಿಸಿದ ಪ್ರಾಧಿಕಾರ "ಸೀಮಿತ ಪೋಷಕ"ರನ್ನ ಕೊಡಬಹುದು. ಸೀಮಿತ ಅನ್ನೋ ಪದಕ್ಕೆ ತೂಕ ಇದೆ: ಇಂಥ ನಿರ್ಧಾರಕ್ಕೆ, ಇಷ್ಟು ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ತಕ್ಕ ಹಾಗೆ. "ತಂದೆಯ ಎಲ್ಲಾ ಚರ-ಸ್ಥಿರ ಆಸ್ತಿ ನಿರ್ವಹಣೆಗೆ" ಅಂತ ಕೋರಿಕೆ ಬರೆದರೆ ಸೀಮಿತ ಅನ್ನೋ ಅರ್ಥಕ್ಕೇ ವಿರುದ್ಧ. ಅರ್ಜಿಯಲ್ಲಿ ತಿಂಗಳ ಖರ್ಚಿನ ವಿವರ, ಪಿಂಚಣಿ-ಬಾಡಿಗೆ ಎಷ್ಟು ಬರುತ್ತೆ, ಎಷ್ಟು ಕಡಿಮೆ ಬೀಳುತ್ತೆ, ಮಾರದೆ ಬಾಡಿಗೆಗೋ ಭೋಗ್ಯಕ್ಕೋ ಯಾಕೆ ಕೊಡಲಾಗಲ್ಲ, ಬಂದ ಹಣ ಯಾವ ಖಾತೆಗೆ, ಇಷ್ಟೂ ಇರಲಿ.

ಕಡಲತಡಿ:
ಕೋಮಾದಲ್ಲಿ ಇರುವವರಿಗೆ ಹೈಕೋರ್ಟೇ ಪೋಷಕರನ್ನು ನೇಮಿಸ್ತದೆ ಅಂತ ಓದಿದ್ದು.

ಕರಿಕೋಟು:
ಹೌದು, 226ರ ಅಡಿ. ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಮಾರ್ಗಸೂಚಿಯನ್ನೇ ಹಾಕಿಕೊಟ್ಟಿದೆ: ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿಯ ಪರೀಕ್ಷೆ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಸ್ಥಳಭೇಟಿ, ಆಸ್ತಿ ಮತ್ತು ವಾರಸುದಾರರ ಪಟ್ಟಿ, 6 ತಿಂಗಳಿಗೊಮ್ಮೆ ರಿಜಿಸ್ಟ್ರಾರ್ ಜನರಲ್‌ಗೆ ವರದಿ. ಬೇರೆ ಹೈಕೋರ್ಟುಗಳೂ ಇದೇ ಅಧಿಕಾರ ಬಳಸಿವೆ. ಆದರೆ ಎದ್ದು ಕೂತು "ಮನೆಗೆ ಕಳಿಸಿ" ಅನ್ನುವವರನ್ನ ಕೋಮಾದವರ ಸಾಲಿಗೆ ಸೇರಿಸಿ ಅರ್ಜಿ ಬರೆಯಬೇಡಿ. ಮಾತಾಡುವ ಮನುಷ್ಯನನ್ನ ಮಾತಿಲ್ಲದವನು ಅಂದ ಹಾಗೆ ಆಗುತ್ತೆ.

ಹಾವೇರಿ ಏಲಕ್ಕಿ:
ದಾವೆ ಈಗಾಗಲೇ ನಡದಿದ್ರ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 32 ರೂಲ್ 15. ಅಸ್ವಸ್ಥಚಿತ್ತ ಅಂತ ಮೊದಲ ಘೋಷಣೆ ಆಗಿರಬೇಕಂತ ಇಲ್ಲ. ಮಾನಸಿಕ ದೌರ್ಬಲ್ಯದಿಂದ ಹಿತಾಸಕ್ತಿ ಕಾಪಾಡ್ಕೊಳ್ಳಾಕ ಆಗಂಗಿಲ್ಲ ಅಂತ ನ್ಯಾಯಾಲಯ ವಿಚಾರಣೆ ಮಾಡಿ ಕಂಡ್ಕೊಂಡ್ರ ಸಾಕು. ಆಗ ಅವರ ಪರ ದಾವೆ ನಡಸಾಕ ಒಬ್ಬರು ಇರತಾರ: ವಾದಿ ಆದ್ರ ನೆಕ್ಸ್ಟ್ ಫ್ರೆಂಡ್, ಪ್ರತಿವಾದಿ ಆದ್ರ ಗಾರ್ಡಿಯನ್ ಆಡ್ ಲೈಟಮ್ ಅಂತಾರ. ಎದುರುಪಕ್ಷದಾಗ ಇದ್ದವರನ್ನ ಆ ಜಾಗಕ್ಕ ಕೂಡ್ಸಂಗಿಲ್ಲ. ರಾಜಿ ಮಾಡ್ಕೊಳ್ಳೋದಿದ್ರ ರೂಲ್ 7, ನ್ಯಾಯಾಲಯದ ಅನುಮತಿ ದಾಖಲಾಗಬೇಕು. ಲೋಕ ಅದಾಲತ್ ದಿನ ಗಡಿಬಿಡ್ಯಾಗ ಇದನ್ನ ಮರೀತಾರ, ಆಮ್ಯಾಲೆ ಆ ರಾಜಿ ಅಲ್ಲಾಡ್ತದ.

ಮೊಸರನ್ನ:
ಎಲ್ಲದಕ್ಕೂ ಬೇಕಾಗೋದು ಡಾಕ್ಟರ್ ಸರ್ಟಿಫಿಕೇಟು. ಅದರಲ್ಲಿ ಒಂದೇ ಸಾಲು: "ನಾಟ್ ಇನ್ ಎ ಪೊಸಿಷನ್ ಟು ಟೇಕ್ ಡಿಸಿಷನ್ಸ್." ಸೀಲು, ಸಹಿ.

ವಾರ್ಡ್ ದೀಪ:
ಆ ಒಂದು ಸಾಲು ಯಾವ ಕೋರ್ಟಲ್ಲೂ ಪಾಟೀಸವಾಲಿಗೆ ನಿಲ್ಲಲ್ಲ. 2017ರ ಕಾಯ್ದೆಯ ಕಲಂ 4ರಲ್ಲಿ ಮೊದಲ ಮಾತೇ ಪ್ರತಿಯೊಬ್ಬರಿಗೂ ಸಾಮರ್ಥ್ಯ ಇದೆ ಅಂತ ಭಾವಿಸಬೇಕು ಅನ್ನೋದು. ಮೂರರಲ್ಲಿ ಒಂದು ಆದರೂ ಸಾಕು: ಸಂಬಂಧಪಟ್ಟ ಮಾಹಿತಿ ಅರ್ಥವಾಗೋದು, ಹೀಗೆ ಮಾಡಿದರೆ ಏನಾಗುತ್ತೆ ಅಂತ ಗೊತ್ತಾಗೋದು, ತೀರ್ಮಾನವನ್ನ ಮಾತಲ್ಲೋ ಸನ್ನೆಯಲ್ಲೋ ತಿಳಿಸೋದು. ಕಾಯ್ದೆಯ ಭಾಷೆಯಲ್ಲಿ ಅಲ್ಲಿ "ಅಥವಾ" ಇದೆ, ಅದನ್ನ ಓದದೆ "ಮೂರೂ ಇರಬೇಕು" ಅಂತ ಬರೆಯುವವರು ಇದ್ದಾರೆ. ನಮಗೆ ತಪ್ಪು ಅನ್ನಿಸೋ ನಿರ್ಧಾರ ಅವರು ತಗೊಂಡರು ಅಂದ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅನ್ನೋ ಹಾಗಿಲ್ಲ.

ಇದು ಚಿಕಿತ್ಸೆಯ ನಿರ್ಧಾರಕ್ಕೆ ಇರುವ ಅಳತೆ, ಸೈಟು ಮಾರೋದಕ್ಕಲ್ಲ. ಅಲ್ಲಿ ಏಲಕ್ಕಿಯವರು ಹೇಳಿದ ಕರಾರು ಕಾಯ್ದೆಯ ಕಲಂ 12. ಹಾಗಾಗಿ ಸರ್ಟಿಫಿಕೇಟಿನಲ್ಲಿ ಇಷ್ಟು ಬರೆಸಿ: ದಿನಾಂಕ ಮತ್ತು ಹೊತ್ತು (ಡಿಮೆನ್ಷಿಯಾದಲ್ಲಿ ಸಂಜೆ ಗೊಂದಲ ಜಾಸ್ತಿ, ಬೆಳಗ್ಗೆ ನೋಡಿ), ಯಾವ ಭಾಷೆಯಲ್ಲಿ ಮಾತಾಡಿಸಿದರು, ಕನ್ನಡಕ ಮತ್ತು ಕಿವಿಯ ಯಂತ್ರ ಇತ್ತಾ, ಯಾವ ನಿರ್ಧಾರದ ಬಗ್ಗೆ ಕೇಳಿದರು, ಕೇಳಿದ ಪ್ರಶ್ನೆ ಮತ್ತು ಅವರದೇ ಮಾತಲ್ಲಿ ಉತ್ತರ, ಮಗ-ಮಗಳು ಕೋಣೆಯಲ್ಲಿದ್ದರಾ. ಎಂಎಂಎಸ್‌ಇ ಅನ್ನೋ ನೆನಪು-ಬುದ್ಧಿ ಪರೀಕ್ಷೆಯ ಅಂಕ 30ಕ್ಕೆ ಎಷ್ಟು ಅನ್ನೋದನ್ನಷ್ಟೇ ಬರೆದರೆ ಸಾಲದು. ಓದುಬರಹ ಬಾರದವರಿಗೆ ಕಾಯಿಲೆ ಇಲ್ಲದಿದ್ದರೂ ಅಂಕ ಕಡಿಮೆ ಬರುತ್ತೆ.

ಕಾಲುದಾರಿ:
"ಕೆಪ್ಯಾಸಿಟಿ"ಗೆ ಕನ್ನಡದಲ್ಲಿ ಏನು ಬರೀಲಿ? ಸಾಮರ್ಥ್ಯ ಅಂದ್ರೆ ಜನ ಮೈಕೈ ಶಕ್ತಿ ಅಂದ್ಕೊಳ್ತಾರೆ.

ಕಡಲತಡಿ:
ತೀರ್ಮಾನ ಶಕ್ತಿ?

ಮೊಸರನ್ನ:
ಹಳೇ ಉಯಿಲುಗಳಲ್ಲಿ "ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ" ಅಂತ ಇರುತ್ತಲ್ಲ. ಅದು ಎಲ್ಲರಿಗೂ ಬಾಯಿಪಾಠ.

ಕರಿಕೋಟು:
ಆ ಸಾಲು ಬರೆದಿದ್ದಕ್ಕೆ ಯಾರೂ ಸ್ವಸ್ಥಚಿತ್ತ ಆಗಲ್ಲ, ರಿಜಿಸ್ಟರ್ ಮಾಡಿಸಿದ್ದಕ್ಕೂ ಆಗಲ್ಲ. ಪ್ರಶ್ನೆ ಬಂದರೆ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಕಟಕಟೆ ಹತ್ತಬೇಕು. ಪತ್ರಬರಹಗಾರರ ಅಂಗಡಿ ಮುಂದೆ ಸಿಕ್ಕವರನ್ನ ಸಾಕ್ಷಿ ಹಾಕಿಸಿದರೆ ಇಪ್ಪತ್ತು ವರ್ಷದ ಮೇಲೆ ಎಲ್ಲಿ ಹುಡುಕ್ತೀರಿ?
ಪದ "ತೀರ್ಮಾನ ಸಾಮರ್ಥ್ಯ" ಇರಲಿ. ಕೋರ್ಟಿನವರಿಗೂ ಅರ್ಥವಾಗುತ್ತೆ.

ದಫ್ತರ:
ತಂದೆಯ ಪರ ಇನ್ನೊಂದು ಬಾಗಿಲಿದೆ. ಮಗ ನೋಡಿಕೊಳ್ಳುತ್ತಾನೆ ಅಂತ ದಾನಪತ್ರ ಮಾಡಿಸಿಕೊಂಡು ಕೈಬಿಟ್ಟಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆ ಕಲಂ 23. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನ ರದ್ದು ಮಾಡಬಹುದು. ಜೀವನಾಂಶವಾದರೆ, ಹಿರಿಯರಿಗೆ ತಾವೇ ಅರ್ಜಿ ಹಾಕಲಾಗದಿದ್ದಲ್ಲಿ ಅವರು ಅಧಿಕಾರ ಕೊಟ್ಟ ಬೇರೆಯವರೋ ಸಂಸ್ಥೆಯೋ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು.

ಕರಿಕೋಟು:
ಪತ್ರದಲ್ಲಿ ಆರೈಕೆಯ ಷರತ್ತು ಇರಬೇಕು, ಸುಪ್ರೀಂ ಕೋರ್ಟ್ 2022ರಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿದೆ.

ದಫ್ತರ:
2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು ಕಾಯ್ದೆಯನ್ನ ಉದಾರವಾಗಿ ಓದಬೇಕು ಅಂದಿದೆಯಲ್ಲ.

ಕರಿಕೋಟು:
ಅಲ್ಲಿ ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ಪ್ರತ್ಯೇಕ ಪತ್ರ ಇತ್ತು. ಏನೂ ಕಾಗದವೇ ಇಲ್ಲದವರು ಅದನ್ನ ನೆಚ್ಚಿಕೊಂಡು ಕೂರಬಾರದು. ಆ ಕಾಯ್ದೆಯ ಕಲಂ 17 ವಕೀಲರನ್ನ ಹೊರಗಿಡುತ್ತೆ ಅನ್ನೋದು ಬೇರೆ ರಗಳೆ, ಅದಕ್ಕೆ ಬೇರೆ ಎಳೆ ತೆಗೀರಿ.

ಕಾಲುದಾರಿ:
ಎಲ್ಲರಿಗೂ ಧನ್ಯವಾದ. ಕೊನೇ ಅನುಮಾನ: ಮಂಡಳಿ ಮುಂದೆ ತಂದೆಯ ವಕಾಲತ್ತಿಗೆ ಸಹಿ ತಂದೆಯದೇ ಆಗಬಹುದಾ? ಕೈ ನಡುಗುತ್ತೆ, ಸಹಿ ಬರಲ್ಲ.

ಹಾವೇರಿ ಏಲಕ್ಕಿ:
ಆಗಬಹುದು. ಮಂಡಳಿಗೆ ಹೋಗೋ ಹಕ್ಕು ಅವರದ. ವಕೀಲರು ವಾರ್ಡಿಗೆ ಹೋಗಿ ಮಗ-ಮಗಳನ್ನ ಹೊರಗ ಕಳಿಸಿ, "ನಿಮ್ಮನ್ನ ಇಲ್ಲಿ ಇಟ್ಟಿದ್ದು ಬ್ಯಾಡ ಅಂತ ನಿಮ್ಮ ಪರ ನಾನು ಮಾತಾಡಲಾ?" ಅಂತ ಅವರ ಭಾಷಾದಾಗ ಕೇಳಲಿ. ಹೂಂ ಅಂದ್ರ, ಆ ಪ್ರಶ್ನೆ, ಆ ಉತ್ತರ, ಹೊತ್ತು ಬರದಿಟ್ಟುಕೊಂಡು ಹೆಬ್ಬೆಟ್ಟು.

ದಫ್ತರ:
ಹೆಬ್ಬೆಟ್ಟಿನ ಪಕ್ಕ "ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು" ಅಂತ ಬರೆದು, ಗುರುತಿಸಿದವರ ಹೆಸರು-ಸಹಿ ಹಾಕಿಸಿ. ಆ ಗುರುತಿಸುವವರು ಮಗನೂ ಆಗಬಾರದು, ಮಗಳೂ ಆಗಬಾರದು. ವಾರ್ಡಿನ ಸಮಾಜ ಕಾರ್ಯಕರ್ತರನ್ನೋ ನರ್ಸನ್ನೋ ಕೇಳಿ.